ಮಕ್ಕಳ ಆವೃತ್ತಿಯೂ ಹಿರಿಯರ ಆಟವೂ

ನಾನು ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಬೆಳಗಿನ ಝಾವದ ಸಂಥೆಯೆಂದರೆ ಒಂದೇ ವಾಕ್ಯವನ್ನು ಹತ್ತು ಹನ್ನೆರಡು ಬಾರಿ ಹೇಳುವುದೇ ಆಗಿತ್ತು. ಗುರುಗಳು ಒಮ್ಮೆ ಹೇಳುವರು; ನಾವು ಎರಡಾವೃತ್ತಿ ಹೇಳುವೆವು; ಮರುದಿನ ಮತ್ತೆ ಅದನ್ನೇ ಮೊದಲಿನಿಂದ ಒಪ್ಪಿಸುವೆವು. ಹೇಳುವಾಗ ಸಾಲಾಗಿ ಕುಳಿತ ಹುಡುಗರೆಲ್ಲರೂ ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದೆವು. ತಲೆಯಲ್ಲಾಡಿಸುತ್ತ ಓದುವವನನ್ನು ಪಾಣಿನೀಯ ಶಿಕ್ಷೆಯು ಅಧಮ ಪಾಠಕರ ಸಾಲಿಗೆ ಸೇರಿಸಿದೆಯೆಂದು ಗುರುಗಳು ಆಗಾಗ್ಗೆ ಎಚ್ಚರಿಸುವರು. ಆಗ ಕ್ಷಣಕಾಲ ನೆಟ್ಟಗೆ ಕುಳಿತು, ಅರಿವಿಲ್ಲದೆಯೇ ಮತ್ತೆ ತೂಗತೊಡಗುವೆವು. ಮೈ ನಿಂತರೆ ಮಾತೂ ನಿಲ್ಲುತ್ತಿತ್ತು. ಹೀಗೆ ತೂಗಿ ಕಲಿತವರನ್ನು ಊರು ವಿದ್ವಾಂಸರೆಂದು ಗೌರವಿಸಿತೇ ಹೊರತು ರೋಗಿಗಳೆಂದು ಯಾರೂ ಹೇಳಲಿಲ್ಲ.

ಈ ಹಳೆಯ ಮಾತು ನೆನಪಾಗುವುದಕ್ಕೆ ಕಾರಣವಾದವನು ನನ್ನ ಮಗಳ ಮಗ. ಅವನಿಗೆ ಈಗ ಏಳು ವರ್ಷ. ಮೂರನೆಯ ವರ್ಷದಲ್ಲಿ ವೈದ್ಯರು ಅವನನ್ನು ಪರೀಕ್ಷಿಸಿ ಆಟಿಸಂ ಇದೆಯೆಂದರು. ನಮ್ಮ ಪತ್ರಿಕೆಗಳು ಇದನ್ನು ಸ್ವಲೀನತೆಯೆಂದು ಕರೆಯುವುದುಂಟು. ತನ್ನಲ್ಲಿಯೇ ಲೀನನಾದವನು ಎಂಬ ಈ ಹೆಸರು ಹೊರಗಿನಿಂದ ನೋಡುವವನು ಇಟ್ಟದ್ದೆಂಬುದು ಸ್ಪಷ್ಟ. ಒಳಗಿರುವವನನ್ನು ಕೇಳಿ ಇಟ್ಟದ್ದಲ್ಲ. ಹುಡುಗನು ಮಾತನಾಡುವುದು ಕಡಮೆ. ಅಡಿಗೆಮನೆಯ ಪಾತ್ರೆಗಳ ಮುಚ್ಚಳಗಳನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸಿ, ಅದು ಕುಣಿಕುಣಿದು ಮಲಗುವವರೆಗೂ ಕಣ್ಣೆವೆಯಿಕ್ಕದೆ ನೋಡಿ, ಮತ್ತೆ ತಿರುಗಿಸುವನು. ಸಂತೋಷವಾದಾಗಲೂ ಬೇಸರವಾದಾಗಲೂ ಎರಡು ಕೈಗಳನ್ನೂ ಹಕ್ಕಿಯ ರೆಕ್ಕೆಯಂತೆ ಬಡಿಯುತ್ತ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಓಡುವನು. ಇದನ್ನು ಆಟದ ಮೂಲಕ ಹತೋಟಿಗೆ ತರಬೇಕೆಂದು ಮನೆಯವರೆಲ್ಲರೂ ಯತ್ನಿಸಿದೆವು. ಆ ಯತ್ನದಲ್ಲಿ ಹುಟ್ಟಿದ ಪ್ರಶ್ನೆಯೊಂದನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಯಾರಿಗೂ ಕೇಡು ಮಾಡದ ಮಗುವಿನ ಚರ್ಯೆಯನ್ನು ನಿಲ್ಲಿಸುವ ಅಧಿಕಾರ ಹಿರಿಯರಿಗೆ ಉಂಟೆ? ಉಂಟಾದರೆ ಎಷ್ಟರಮಟ್ಟಿಗೆ? ಇದೇ ಆ ಪ್ರಶ್ನೆ.

ಮೊದಲು ವಿಷಯದ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುವೆನು. ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಎಂಬವರು ೧೯೪೩ರಲ್ಲಿ ೧೧ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಏಕಾಂತಪ್ರಿಯತೆ, ಎಲ್ಲವೂ ನಿನ್ನೆಯಿದ್ದಂತೆಯೇ ಇಂದೂ ಇರಬೇಕೆಂಬ ಹಟ, ಒಂದೇ ಕ್ರಿಯೆಯ ಆವೃತ್ತಿ ಇವು ಅವರು ಕಂಡ ಲಕ್ಷಣಗಳು. ಅವರ ವೃತ್ತಾಂತದ ಮೊದಲನೆಯ ಬಾಲಕನು ಮಿಸಿಸಿಪಿ ಪ್ರಾಂತದವನು. ಪಾತ್ರೆಗಳನ್ನೂ ದುಂಡಗಿನ ಇತರ ವಸ್ತುಗಳನ್ನೂ ತಿರುಗಿಸುವುದೇ ಅವನ ಪರಮಾನಂದವಾಗಿದ್ದಿತಂತೆ. ಇದನ್ನು ಓದಿದ ದಿನ ನಮ್ಮ ಮನೆಯ ಮುಚ್ಚಳದ ಸದ್ದು ನನಗೆ ಬೇರೆಯಾಗಿ ಕೇಳಿಸಿತು. ಆ ಬಾಲಕನು ಮುಂದೆ ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡಿ, ದೇಶದೇಶಗಳನ್ನು ಸುತ್ತಿ, ೨೦೨೩ರಲ್ಲಿ ತುಂಬು ವಯಸ್ಸಿನಲ್ಲಿ ತೀರಿಕೊಂಡನು. ನಡುವಣ ದಶಕಗಳಲ್ಲಿ, ತಾಯಿಯ ಶೀತಲವಾದ ಮನಸ್ಸೇ ಇದಕ್ಕೆ ಕಾರಣವೆಂದು ಪಂಡಿತರು ಹೇಳಿ ಎಷ್ಟೋ ತಾಯಂದಿರನ್ನು ನೋಯಿಸಿದರು. ಅದು ಸುಳ್ಳೆಂದು ಬರ್ನಾರ್ಡ್ ರಿಮ್ಲಂಡ್ ಎಂಬವರು ೧೯೬೪ರಲ್ಲಿಯೇ ಗ್ರಂಥಮುಖೇನ ವಾದಿಸಿದರು. ಅವರೂ ಇಂತಹ ಮಗುವೊಂದರ ತಂದೆ. ಇದು ಹುಟ್ಟಿನಿಂದ ಬಂದ ಮಿದುಳಿನ ಬೆಳವಣಿಗೆಯ ಭೇದವೆಂಬುದು ಇಂದಿನ ನಿಶ್ಚಯ. ನಮ್ಮ ದೇಶದಲ್ಲಿ ೧೯೯೯ರ ಮತ್ತು ೨೦೧೬ರ ಕಾನೂನುಗಳು ಇಂತಹವರ ಹಕ್ಕುಗಳನ್ನು ಅಂಗೀಕರಿಸಿವೆ. ಆದರೆ ಕಾನೂನು ಅಂಗೀಕರಿಸಿದುದನ್ನು ನೆರೆಮನೆಯ ಕಣ್ಣು ಅಂಗೀಕರಿಸಲು ಇನ್ನೂ ಕಾಲ ಬೇಕು.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳದೆ ಮುಂದೆ ಹೋಗುವುದು ಸರಿಯಲ್ಲ. ೧೯೮೯ರಲ್ಲಿ ನಾನು ಹಳ್ಳಿಯೊಂದರ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾಗ ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಅವನು ಕಿಟಕಿಯ ಬಳಿ ಕುಳಿತು, ಬಿಸಿಲಿಗೆ ಬೆರಳುಗಳನ್ನು ಅಡ್ಡ ಹಿಡಿದು ಅಲ್ಲಾಡಿಸುತ್ತ ದಿನವಿಡೀ ತೂಗುತ್ತಿದ್ದನು. ಇತರ ಹುಡುಗರು ನಗುತ್ತಿದ್ದರು. ನಾನು ಅವನಿಗೆ ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತುಕೊಳ್ಳುವಂತೆ ಆಜ್ಞೆ ಮಾಡಿದೆನು; ಎದ್ದಾಗಲೆಲ್ಲ ಭುಜ ಒತ್ತಿ ಕೂರಿಸಿದೆನು. ನಾಲ್ಕು ದಿನ ತರಗತಿ ನಿಶ್ಶಬ್ದವಾಗಿತ್ತು; ನಾನು ಗೆದ್ದೆನೆಂದು ತಿಳಿದೆನು. ಐದನೆಯ ದಿನ ಅವನು ತನ್ನ ಮಣಿಕಟ್ಟನ್ನು ರಕ್ತ ಬರುವಂತೆ ಕಚ್ಚಿಕೊಂಡನು. ಅವನ ತಂದೆ ಬಂದು, ನನ್ನನ್ನು ಒಂದು ಮಾತೂ ಆಡದೆ, ಮಗನನ್ನು ಹೆಗಲ ಮೇಲೆ ಹೊತ್ತುಕೊಂಡು ಹೊರಟುಹೋದನು. ಆ ಹುಡುಗನು ಮತ್ತೆ ಶಾಲೆಗೆ ಬರಲಿಲ್ಲ. ತೂಗುತ್ತಲೇ ವಿದ್ಯೆ ಕಲಿತ ನಾನು, ತೂಗಿದನೆಂಬ ಕಾರಣಕ್ಕೆ ಒಂದು ಮಗುವನ್ನು ವಿದ್ಯೆಯಿಂದ ಹೊರಗೆ ಹಾಕಿದೆನು.

ನನ್ನಂತಹ ಅಲ್ಪಜ್ಞನು ಮಾತ್ರವಲ್ಲ, ಬಹುಜ್ಞರೂ ಈ ತಪ್ಪನ್ನು ಮಾಡಿದ್ದಾರೆ. ಲಾಸ್ ಏಂಜಲೀಸಿನ ಮನಶ್ಶಾಸ್ತ್ರಜ್ಞ ಲೊವಾಸ್ ಎಂಬವರು ೧೯೬೦ರ ದಶಕದಲ್ಲಿ ಇಂತಹ ಮಕ್ಕಳ ಚರ್ಯೆಗಳನ್ನು ಬಿಡಿಸಲು ಕೂಗಾಟ, ಕೆನ್ನೆಯೇಟು, ವಿದ್ಯುತ್ತಿನ ಆಘಾತಗಳನ್ನು ಸಹ ಪ್ರಯೋಗಿಸಿದರು. ಅವರ ಉದ್ದೇಶವು ಮಗುವಿನ ಹಿತವೇ ಆಗಿದ್ದಿರಬಹುದು. ಆದರೆ ಉದ್ದೇಶದ ಶುದ್ಧಿಯು ಸಾಧನದ ಅಶುದ್ಧಿಯನ್ನು ತೊಳೆಯಲಾರದು.

ಈಗ ವಿಚಾರಕ್ಕೆ ಬರೋಣ. ಒಂದು ಕ್ರಿಯೆಯು ಮತ್ತೆ ಮತ್ತೆ ನಡೆದರೆ ಅದನ್ನು ಏನೆಂದು ತಿಳಿಯಬೇಕು? ನಮ್ಮ ಶಾಸ್ತ್ರಗಳಲ್ಲಿ ಇದಕ್ಕೆ ಎರಡು ದೃಷ್ಟಿಗಳುಂಟು. ತಾರ್ಕಿಕರ ವಾದಸಭೆಯಲ್ಲಿ ಹೇಳಿದ್ದನ್ನೇ ಹೇಳುವವನು ಸೋತಂತೆಯೇ; ಪುನರುಕ್ತಿಯು ಅಲ್ಲಿ ಒಂದು ನಿಗ್ರಹಸ್ಥಾನ. ಮೀಮಾಂಸಕರ ಮಾರ್ಗ ಬೇರೆ. ಒಂದು ಪ್ರಕರಣದ ತಾತ್ಪರ್ಯವನ್ನು ನಿರ್ಣಯಿಸಲು ಹೇಳಿರುವ ಆರು ಲಿಂಗಗಳಲ್ಲಿ ಅಭ್ಯಾಸವೂ ಒಂದು. ಎಂದರೆ, ಯಾವುದು ಪುನಃ ಪುನಃ ಬರುವುದೋ ಅಲ್ಲಿಯೇ ಗ್ರಂಥದ ಹೃದಯವಿದೆಯೆಂದು ಹುಡುಕಬೇಕು. ನಾನು ಆ ಹಳ್ಳಿಯ ಹುಡುಗನ ವಿಷಯದಲ್ಲಿ ತಾರ್ಕಿಕನಾದೆನು, ಮೀಮಾಂಸಕನಾಗಬೇಕಾಗಿತ್ತು. ಅವನ ತೂಗಾಟವನ್ನು ದೋಷವೆಂದು ಎಣಿಸಿದೆನೇ ವಿನಾ, ಅದು ಏನನ್ನು ಸೂಚಿಸುವುದೆಂದು ಕೇಳಲಿಲ್ಲ.

ಹಾಗಾದರೆ ಅದು ಏನನ್ನು ಸೂಚಿಸುವುದು? ಜ್ಞಾನೇಂದ್ರಿಯಗಳು ಐದೆಂದು ನಾವು ಎಣಿಸುವುದಷ್ಟೆ. ಶರೀರಶಾಸ್ತ್ರಜ್ಞರು ಇನ್ನೂ ಕೆಲವನ್ನು ಹೇಳುವರು: ಕಣ್ಣು ಮುಚ್ಚಿದ್ದರೂ ಕೈಕಾಲುಗಳು ಎಲ್ಲಿವೆಯೆಂಬುದನ್ನು ಸ್ನಾಯುಸಂಧಿಗಳ ಮೂಲಕ ತಿಳಿಸುವ ಅರಿವು ಒಂದು, ಒಳಕಿವಿಯಲ್ಲಿದ್ದುಕೊಂಡು ಮೈಯ ತೂಕ ತಿರುವುಗಳನ್ನು ತಿಳಿಸುವ ಅರಿವು ಮತ್ತೊಂದು. ಇಂತಹ ಮಕ್ಕಳಲ್ಲಿ ಇಂದ್ರಿಯಗಳ ವಾರ್ತೆಯು ಕೆಲವು ವೇಳೆ ಸಹಿಸಲಾರದಷ್ಟು ಹೆಚ್ಚಾಗಿಯೂ ಕೆಲವು ವೇಳೆ ತೀರ ಮಂದವಾಗಿಯೂ ಬರುವುದುಂಟು. ೨೦೧೩ರಿಂದ ಅಮೆರಿಕದ ಮನೋವೈದ್ಯರ ಲಕ್ಷಣಗ್ರಂಥವು ಇದನ್ನೂ ಲಕ್ಷಣಗಳಲ್ಲಿ ಸೇರಿಸಿದೆ. ಸಂತೆಯ ಗದ್ದಲದಲ್ಲಿ ನಿಂತವನು ಕಿವಿಯನ್ನು ಮುಚ್ಚಿಕೊಂಡು ತನಗೆ ತಾನೇ ಒಂದು ರಾಗವನ್ನು ಗುನುಗಿಕೊಳ್ಳುವನಲ್ಲವೆ? ತೂಗಾಟವೂ ಕೈಬಡಿತವೂ ಹಾಗೆಯೇ ಒಂದು ಆಶ್ರಯ. ಆಟಿಸಂ ಉಳ್ಳ ಪ್ರಾಯಸ್ಥರು ೩೨ ಮಂದಿಯನ್ನು ಕೇಳಿ ೨೦೧೯ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಈ ಚರ್ಯೆಗಳು ತಮ್ಮನ್ನು ಸಮಾಧಾನಗೊಳಿಸುವುವೆಂದೂ, ಇವನ್ನು ಬಲಾತ್ಕಾರವಾಗಿ ನಿಲ್ಲಿಸುವ ಚಿಕಿತ್ಸೆಯು ತಮಗೆ ಸಮ್ಮತವಲ್ಲವೆಂದೂ ಅವರು ಹೇಳಿದ್ದಾರೆ. ಒಳಗಿರುವವರನ್ನು ಕೊನೆಗೂ ಯಾರೋ ಕೇಳಿದರು.

ಇಲ್ಲಿ ಪೂರ್ವಪಕ್ಷಿಯು ಹೀಗೆ ಹೇಳಬಹುದು: “ಹಾಗಾದರೆ ಮಗುವನ್ನು ಅದರ ಪಾಡಿಗೆ ಬಿಟ್ಟುಬಿಡುವುದೇ ಧರ್ಮವಾಯಿತಲ್ಲ! ದಿನಕ್ಕೆ ಎಂಟು ಗಂಟೆ ಮುಚ್ಚಳವನ್ನು ತಿರುಗಿಸಿದರೆ ಅದು ಮಾತು ಕಲಿಯುವುದೆಂದು? ಊಟ ಮಾಡುವುದೆಂದು? ಗೋಡೆಗೆ ತಲೆ ಬಡಿದುಕೊಂಡರೂ ನೋಡುತ್ತ ಕೂರಬೇಕೆ?” ಈ ಆಕ್ಷೇಪವು ಸಾಧುವಾದುದೇ. ಬಿಟ್ಟುಬಿಡುವುದು ಗೌರವವೆಂಬ ಹೆಸರಿನ ಆಲಸ್ಯವೂ ಆಗಬಹುದು. ತಾನೇ ಕಟ್ಟಿಕೊಂಡ ಆಶ್ರಯವು ತನಗೇ ಸೆರೆಯಾಗುವುದು ಮಕ್ಕಳಿಗೆ ಮಾತ್ರವಲ್ಲ, ನಮಗೂ ಉಂಟು. ಮಗುವಿಗೆ ಗಾಯವಾಗುವ ಚರ್ಯೆಯನ್ನು ತಡೆಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಅಲ್ಲಿಯೂ ಮೊದಲು ಕಾರಣವನ್ನು ವಿಚಾರಿಸತಕ್ಕದ್ದು. ಕಿವಿನೋವು, ಹಲ್ಲುನೋವು, ಮಲಬದ್ಧತೆ ಇವನ್ನು ಬಾಯಿಂದ ಹೇಳಲಾರದ ಮಗುವು ತಲೆ ಬಡಿದುಕೊಂಡು ಹೇಳುವ ಸಂದರ್ಭಗಳುಂಟು. ಆಗ ವೈದ್ಯರ ಬಳಿಗೆ ಕರೆದೊಯ್ಯುವುದೇ ಮೊದಲ ಕರ್ತವ್ಯ.

ಬಲಾತ್ಕಾರಕ್ಕೂ ಉಪೇಕ್ಷೆಗೂ ನಡುವೆ ಮೂರನೆಯ ದಾರಿಯೊಂದಿದೆ. ಅದೇ ಮೈ ಕುಣಿಸಿ ಆಡುವ ಆಟ. ಇದು ಬರಿಯ ಭಾವನೆಯಲ್ಲ. ಪರೀಕ್ಷಿಸಿ ನೋಡಿದ ವಿಷಯ. ಅಮೆರಿಕದಲ್ಲಿ ೧೯೮೪ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಮಕ್ಕಳನ್ನು ಒಮ್ಮೆ ೧೫ ನಿಮಿಷ ಮೆಲ್ಲಗೆ ಚೆಂಡಾಡಿಸಿದರು, ಒಮ್ಮೆ ೧೫ ನಿಮಿಷ ಬಿಡದೆ ಓಡಿಸಿದರು. ಓಟದ ಬಳಿಕ ಆವೃತ್ತಿಯ ಚರ್ಯೆಗಳು ಕಡಮೆಯಾದುವು. ಮೆಲ್ಲನೆಯ ಚೆಂಡಾಟದಿಂದ ಅಷ್ಟು ಫಲ ಕಾಣಲಿಲ್ಲ. ಇರಾನ್ ದೇಶದಲ್ಲಿ ಕರಾಟೆಯ ಕ್ರಮಬದ್ಧವಾದ ಹೆಜ್ಜೆಗಳನ್ನು ೧೪ ವಾರ ಕಲಿಸಿದಾಗಲೂ ಇಂತಹ ಫಲವೇ ಕಂಡಿತೆಂದು ೨೦೧೨ರಲ್ಲಿ ಪ್ರಕಟಿಸಿದರು. ಎಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆದದ್ದು ೨೦೧೮ರ ಹಾಂಗ್‌ಕಾಂಗಿನ ಪರೀಕ್ಷೆ. ಅಲ್ಲಿ ಮಕ್ಕಳಿಗೆ ಚೆಂಡನ್ನು ಕೈಯಿಂದ ತಟ್ಟಿ ತಟ್ಟಿ ಆಡುವುದನ್ನು ಕಲಿಸಿದರು. ಕೈಬಡಿಯುವ ಮಕ್ಕಳ ಕೈಬಡಿತವು ಅದರಿಂದ ಕಡಮೆಯಾಯಿತು. ಮೈತೂಗುವ ಮಕ್ಕಳ ತೂಗಾಟ ಕಡಮೆಯಾಗಲಿಲ್ಲ. ಇದರ ಅರ್ಥವೇನು? ಮಗುವಿನ ಚಲನೆಗೆ ಯಾವ ಆಟವು ಹೋಲುವುದೋ ಅದೇ ಮಗುವಿನ ಬಯಕೆಯನ್ನು ತಣಿಸುವುದೆಂದಲ್ಲವೆ? ಆದರೆ ಇಂತಹ ಪರೀಕ್ಷೆಗಳಲ್ಲಿ ಪಾಲುಗೊಂಡ ಮಕ್ಕಳ ಸಂಖ್ಯೆ ಸ್ವಲ್ಪವೆಂಬುದನ್ನೂ, ಒಂದು ಸಲದ ಆಟದ ಫಲವು ಬಹು ಕಾಲ ನಿಲ್ಲದೆಂಬುದನ್ನೂ ಮರೆಯಬಾರದು. ಭಾರದ ಅಂಗಿ ಮುಂತಾಗಿ ಅಂಗಡಿಯಲ್ಲಿ ಮಾರುವ ಸಾಧನಗಳಿಗೆ ಪರೀಕ್ಷೆಗಳಲ್ಲಿ ಅಷ್ಟಾಗಿ ಬೆಂಬಲ ದೊರೆತಿಲ್ಲ. ಬಡವರು ಸಾಲ ಮಾಡಿ ಅವನ್ನು ಕೊಳ್ಳಬೇಕಾದುದಿಲ್ಲ.

ನಮ್ಮ ಮನೆಗಳಲ್ಲಿ ಹಳೆಯ ಆಟಗಳೇ ಬೇಕಾದಷ್ಟಿವೆ. ಮಗುವನ್ನು ಬೆನ್ನ ಮೇಲೆ ಹೊತ್ತು “ಉಪ್ಪು ಬೇಕೆ ಉಪ್ಪು” ಎಂದು ಮನೆಯೆಲ್ಲ ತಿರುಗುವ ಉಪ್ಪುಮೂಟೆ, ಹಜಾರದ ಉಯ್ಯಾಲೆ, ಕುಂಟೆಬಿಲ್ಲೆ, ಕಪ್ಪೆಯಂತೆ ಕುಪ್ಪಳಿಸುವ ಆಟ, ಕಂಬಳಿಯಲ್ಲಿ ಸುತ್ತಿ ಉರುಳಿಸುವ ಆಟ (ಇದರಲ್ಲಿ ಮುಖವನ್ನು ಮಾತ್ರ ಎಂದೂ ಮುಚ್ಚಬಾರದು) ಇವೆಲ್ಲ ಮೈಗೆ ಒತ್ತನ್ನೂ ತೂಗನ್ನೂ ಕೊಡತಕ್ಕವು. ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಎಂಬ ಮಹಿಳೆಗೆ ಆಟಿಸಂ ಉಂಟು. ಚುಚ್ಚುಮದ್ದು ಹಾಕುವಾಗ ದನಗಳನ್ನು ಎರಡು ಪಕ್ಕದಿಂದಲೂ ಒತ್ತಿ ಹಿಡಿಯುವ ಕಟ್ಟನ್ನು ಅವರು ತಾರುಣ್ಯದಲ್ಲಿ ನೋಡಿ, ಆ ಒತ್ತಿನಿಂದ ಕೆಲವು ದನಗಳು ಶಾಂತವಾಗುವುದನ್ನು ಕಂಡು, ತಮಗಾಗಿಯೇ ಅಂತಹ ಯಂತ್ರವೊಂದನ್ನು ಮಾಡಿಕೊಂಡರು. ಮನುಷ್ಯರ ಅಪ್ಪುಗೆಯನ್ನು ತಾಳಲಾರದ ತನಗೆ ಆ ಒತ್ತು ನೆಮ್ಮದಿ ಕೊಟ್ಟಿತೆಂದು ಅವರೇ ಬರೆದಿದ್ದಾರೆ. ಆ ಯಂತ್ರದಲ್ಲಿ ಮುಖ್ಯವಾದ ಅಂಶವೆಂದರೆ, ಒತ್ತಿನ ಪಿಡಿಯು ಅವರ ಕೈಯಲ್ಲಿಯೇ ಇದ್ದಿತು.

ಈ ಕೊನೆಯ ಮಾತಿನ ಅರ್ಥವನ್ನು ನಾನು ತಿಳಿದುಕೊಂಡದ್ದು ಇನ್ನೊಂದು ತಪ್ಪಿನಿಂದ. ಮೊಮ್ಮಗನಿಗೆ ಉಪ್ಪುಮೂಟೆಯೆಂದರೆ ಪ್ರಾಣ. ನನ್ನ ಕೊರಳನ್ನು ಬಿಗಿಯಾಗಿ ಅಪ್ಪಿ, ಗಲ್ಲವನ್ನು ಹೆಗಲಿಗೆ ಒತ್ತಿ, ನಾಲ್ಕು ಸುತ್ತು ಬಂದ ಮೇಲೆ ಅರ್ಧ ಗಂಟೆ ಶಾಂತವಾಗಿ ನನ್ನ ಪಕ್ಕದಲ್ಲಿ ಕುಳಿತಿರುವನು. ಇದನ್ನು ಕಂಡ ನನಗೆ ಉಪಾಯವೊಂದು ಹೊಳೆಯಿತು. ಮನೆಯಲ್ಲಿ ಸತ್ಯನಾರಾಯಣ ಪೂಜೆಯ ದಿನ ಬಂಧುಗಳು ಬಂದಿದ್ದರು. ಹುಡುಗನು ಅವರ ನಡುವೆ ಕುಳಿತು ಮುಚ್ಚಳವನ್ನು ತಿರುಗಿಸತೊಡಗಿದನು. ಯಾರೋ ಯಾರಿಗೋ ಕಿವಿಯಲ್ಲಿ ಏನೋ ಹೇಳಿದರು. ನಾನು ಎದ್ದು “ಉಪ್ಪುಮೂಟೆ” ಎಂದು ಬೆನ್ನನ್ನು ಬಾಗಿಸಿದೆನು. ಅವನು ಮುಚ್ಚಳವನ್ನು ಬಿಟ್ಟು ಓಡಿಬಂದು ಏರಿದನು. ನಾನು ಅವನನ್ನು ನೇರವಾಗಿ ಒಳಕೋಣೆಗೆ ಹೊತ್ತೊಯ್ದು ಇಳಿಸಿ ಕದವನ್ನು ಮುಂದೆ ಮಾಡಿದೆನು. ಅಷ್ಟರಲ್ಲಿ ಮುಚ್ಚಳವನ್ನು ಯಾರೋ ಎತ್ತಿಟ್ಟಿದ್ದರು. ಅದಾದ ಮೇಲೆ ಮೂರು ವಾರ ಅವನು ನನ್ನ ಬೆನ್ನನ್ನು ಏರಲಿಲ್ಲ. ನಾನು ಬಾಗಿದರೆ ಗೋಡೆಯ ಕಡೆಗೆ ತಿರುಗುವನು. ಮಾತು ಬಾರದವನಿಗೆ ಮೋಸವೂ ತಿಳಿಯದೆಂದು ನಾನು ಹೇಗೆ ನಂಬಿದೆನೋ! ಮಗಳು ನನ್ನನ್ನು ಜರೆಯಲಿಲ್ಲ. “ಅಪ್ಪಾ, ಅವನಿಗೆ ಇದ್ದ ಒಂದು ಆಟವನ್ನು ನೀವು ಖರ್ಚು ಮಾಡಿಬಿಟ್ಟಿರಿ” ಎಂದಷ್ಟೇ ಹೇಳಿದಳು.

ಆ ದಿನ ನಾನು ಯಾರ ನೋವನ್ನು ಶಮನ ಮಾಡಲು ಹೊರಟಿದ್ದೆನು? ಮಗುವಿಗೆ ನೋವೇ ಇರಲಿಲ್ಲ, ಅವನು ಸುಖವಾಗಿದ್ದನು. ನೋವಾದದ್ದು ನನ್ನ ಮಾನಕ್ಕೆ. ಕಟ್ಟಿ ಕೂರಿಸಿದ ೧೯೮೯ರ ಉಪಾಧ್ಯಾಯನಿಗೂ ಆಟದ ನೆಪದಿಂದ ಹೊತ್ತೊಯ್ದ ಈ ಅಜ್ಜನಿಗೂ ಸಾಧನದಲ್ಲಿ ಭೇದವೇ ಹೊರತು ಸಂಕಲ್ಪದಲ್ಲಿ ಭೇದವಿಲ್ಲ. ವೇದಾಂತಿಗಳು ಜಗತ್ಸೃಷ್ಟಿಗೆ ಲೀಲೆಯೆಂಬ ಹೆಸರನ್ನು ಕೊಟ್ಟು, ಯಾವುದು ತನ್ನಿಂದ ಹೊರಗಣ ಪ್ರಯೋಜನವನ್ನು ಬಯಸದೋ ಅದೇ ಲೀಲೆಯೆಂದರು. ಶಂಕರಾಚಾರ್ಯರು ಅದಕ್ಕೆ ಕೊಟ್ಟ ದೃಷ್ಟಾಂತಗಳಲ್ಲಿ ಉಸಿರಾಟವೂ ಒಂದು. ಉಸಿರಾಟವಾದರೂ ಆವೃತ್ತಿಯೇ ಅಲ್ಲವೆ? ಆಟದಿಂದ ಫಲ ಬರಬಹುದು. ಆದರೆ ಫಲಕ್ಕಾಗಿಯೇ ಆಡಿದ ಕ್ಷಣ ಅದು ಆಟವಾಗಿ ಉಳಿಯದು, ಗಾಳವಾಗುವುದು. ಮೀನಿಗೆ ಗಾಳದ ತುದಿಯ ಹುಳು ಊಟವಲ್ಲ.

ಹಾಗಾದರೆ ಫಲಾಪೇಕ್ಷೆಯಿಂದ ಆಟವನ್ನು ಕಲಿಸುವ ತಾಯಿತಂದೆಗಳೂ ಚಿಕಿತ್ಸಕರೂ ತಪ್ಪು ಮಾಡುವರೆ? ಹಾಗಲ್ಲ. ಇದಕ್ಕೆ ಸಮಾಧಾನವನ್ನು ತಾರ್ಕಿಕರೇ ಕೊಟ್ಟಿದ್ದಾರೆ. ಪುನರುಕ್ತಿಯನ್ನು ದೋಷವೆಂದ ಅವರೇ ಅನುವಾದವನ್ನು ದೋಷವಲ್ಲವೆಂದರು. ಪ್ರಯೋಜನವಿಲ್ಲದೆ ಮತ್ತೆ ಹೇಳಿದರೆ ಪುನರುಕ್ತಿ. ಹೇಳಿದ್ದನ್ನು ಒಪ್ಪಿ ಎತ್ತಿಕೊಂಡು ಮುಂದಿನ ಮಾತಿಗೆ ಸೇರಿಸಲು ಮತ್ತೆ ಹೇಳಿದರೆ ಅನುವಾದ. ಮಗುವು ತನ್ನ ಮೈಯಿಂದ ಒಂದು ವಾಕ್ಯವನ್ನು ಆಡುತ್ತಿದೆ. ಹಿರಿಯನು ಮೊದಲು ಅದನ್ನೇ ತಾನೂ ಆಡಬೇಕು. ಮಗುವು ಒಪ್ಪಿದರೆ ಆ ವಾಕ್ಯಕ್ಕೆ ಒಂದು ಪದವನ್ನು ಸೇರಿಸಬೇಕು. ಒಪ್ಪದಿದ್ದರೆ ಹಿಂದಕ್ಕೆ ತೆಗೆದುಕೊಳ್ಳಬೇಕು. ಪಿಡಿಯು ಮಗುವಿನ ಕೈಯಲ್ಲಿರಬೇಕು.

ಮೂರು ವಾರದ ಬಳಿಕ ನಾನು ಮಾಡಿದ್ದು ಇಷ್ಟೇ. ಇನ್ನೊಂದು ಮುಚ್ಚಳವನ್ನು ತಂದು, ಮಂಡಿನೋವನ್ನು ಸಹಿಸಿಕೊಂಡು, ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ತಿರುಗಿಸಿದೆನು. ನನ್ನದು ಬೇಗ ಬಿದ್ದಿತು. ಅವನದು ಬಹಳ ಹೊತ್ತು ತಿರುಗಿತು. ಮೂರು ನಾಲ್ಕು ದಿನ ಅವನು ನನ್ನ ಕಡೆ ನೋಡಲಿಲ್ಲ. ನಾನೂ ಕರೆಯಲಿಲ್ಲ. ಕೂತು ನೋಡುತ್ತ ನೋಡುತ್ತ ನನಗೂ ಅದರ ಸೊಗಸು ತಿಳಿಯತೊಡಗಿತು. ಬೀಳುವ ಮುಂಚೆ ಮುಚ್ಚಳದ ಸದ್ದು ದ್ರುತಕ್ಕೆ ಏರುವುದನ್ನೂ, ಅಂಚಿನ ಬೆಳಕು ಒಂದು ವೃತ್ತವಾಗಿ ನಿಲ್ಲುವುದನ್ನೂ ಅರುವತ್ತು ದಾಟಿದ ಮೇಲೆ ಮೊದಲ ಸಲ ಕಂಡೆನು. ಐದನೆಯ ದಿನ ಅವನು ನನ್ನ ಹೆಬ್ಬೆರಳನ್ನು ಹಿಡಿದು ಮುಚ್ಚಳದ ಗುಂಡಿಯ ಮೇಲೆ ಸರಿಯಾದ ಜಾಗದಲ್ಲಿ ಇಟ್ಟನು. ನನ್ನ ಮುಚ್ಚಳವೂ ಆಗ ಚೆನ್ನಾಗಿ ತಿರುಗಿತು. ಕೆಲವು ದಿನಗಳ ಮೇಲೆ ನಾನು ನನ್ನ ಮುಚ್ಚಳವನ್ನು ಅವನ ಕಡೆಗೆ ಉರುಳಿಸಿದೆನು. ಅವನು ತಿರುಗಿ ಉರುಳಿಸಿದನು. ಒಬ್ಬನ ಆವೃತ್ತಿಯು ಇಬ್ಬರ ಆಟವಾಯಿತು. ಬೆನ್ನನ್ನು ಏರಿದ್ದು ಇನ್ನೂ ಎಷ್ಟೋ ದಿನದ ಮೇಲೆ, ತಾನಾಗಿಯೇ.

ಅವನು ಈಗಲೂ ಕೈಬಡಿಯುವನು, ಮುಚ್ಚಳವನ್ನೂ ತಿರುಗಿಸುವನು. ಆಟವು ಅವನನ್ನು ಇನ್ನೊಬ್ಬನನ್ನಾಗಿ ಮಾಡಿತೆಂದು ನಾನು ಬರೆದರೆ ಸುಳ್ಳಾಗುವುದು. ಸಂಜೆ ಓಡಿ ಉಯ್ಯಾಲೆಯಾಡಿದ ದಿನ ರಾತ್ರಿಯ ಊಟವು ಸುಸೂತ್ರವಾಗಿ ಆಗುವುದು. ತನ್ನ ಕೈಯನ್ನು ಕಚ್ಚಿಕೊಳ್ಳುವುದು ಅಪರೂಪವಾಗಿದೆ. ಫಲವೆಂದರೆ ಇಷ್ಟು. ಇಂತಹ ಮಗುವಿರುವ ಮನೆಯವರಿಗೆ ನಾನು ಹೇಳಬಹುದಾದುದೂ ಇಷ್ಟೇ: ಚರ್ಯೆಯೊಂದನ್ನು ತಡೆಯಬೇಕೆಂದು ಕೈ ಮುಂದೆ ಬಂದಾಗ, ಮಗುವಿಗೆ ಗಾಯವಾಗುತ್ತಿದೆಯೆ, ಅಥವಾ ನನಗೆ ನಾಚಿಕೆಯಾಗುತ್ತಿದೆಯೆ ಎಂದು ಒಮ್ಮೆ ಕೇಳಿಕೊಳ್ಳಿರಿ. ಮೊದಲನೆಯದಾದರೆ ತಡೆಯಿರಿ. ಎರಡನೆಯದಾದರೆ ಚಿಕಿತ್ಸೆ ಬೇಕಾದುದು ಬೇರೆಯವರಿಗೆ.

ಆ ಹಳ್ಳಿಯ ಹುಡುಗನು ಈಗ ನಲುವತ್ತರ ಮೇಲಿನವನಾಗಿರಬೇಕು. ಅವನ ಕಿಟಕಿಯ ಬಳಿ ಒಂದು ದಿನವಾದರೂ ನಾನು ಕುಳಿತು, ಬಿಸಿಲಿಗೆ ನನ್ನ ಬೆರಳುಗಳನ್ನೂ ಅಡ್ಡ ಹಿಡಿದು ನೋಡಬೇಕಾಗಿತ್ತು.